ಹೊತ್ತು ಮುಳುಗಿದ ಮೇಲಿನ ಒಂದು ಗಂಟೆ

ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವ ಜಾಗ ಇದೆಯಲ್ಲ, ಅಲ್ಲಿ ಮೋಡವಿಲ್ಲದ ಸಂಜೆಗಳಲ್ಲಿ ಒಂದು ತಮಾಷೆ ನಡೆಯುತ್ತದೆ. ಐದೂವರೆಯಿಂದಲೇ ಜನ ಸೇರುತ್ತಾರೆ. ಮುಂದಿನ ಸಾಲಿಗೆ ನೂಕಾಟ. ಫೋನುಗಳು ಮೇಲೇಳುತ್ತವೆ. ಕೆಂಪು ಬಿಲ್ಲೆ ಇಳಿದು ಇಳಿದು ಕೊನೆಯ ಚೂರು ಮರೆಯಾಗುತ್ತಿದ್ದಂತೆ ಎಲ್ಲರೂ ಒಟ್ಟಿಗೆ "ಓ..." ಅನ್ನುತ್ತಾರೆ. ಅಷ್ಟೇ. ಐದು ನಿಮಿಷದಲ್ಲಿ ಕಾರಿನ ಬಾಗಿಲುಗಳ ಸದ್ದು, ಹಾರ್ನು, ಘಾಟಿಯಲ್ಲಿ ಸಾಲು ಸಾಲು ಹೆಡ್‌ಲೈಟು.

ನಾನೂ ಹಾಗೆ ಎದ್ದು ಹೊರಡುವವರ ಪೈಕಿಯೇ. ಒಂದು ಜನವರಿಯಲ್ಲಿ ಮಾತ್ರ ಚಿಕ್ಕಮ್ಮ ಜೊತೆಗಿದ್ದಳು. "ನನ್ನ ಮಂಡಿ ಈಗ ಏಳಲ್ಲ ಅಂತದೆ ಮಾರಾಯ. ಸ್ವಲ್ಪ ಕೂತು ಹೋಗುವ" ಅಂದಳು. ಬೇರೆ ದಾರಿ ಇರಲಿಲ್ಲ, ಕೂತೆವು. ಆಟ ಶುರುವಾಗುವ ಹೊತ್ತಿಗೆ ಪ್ರೇಕ್ಷಕರೆಲ್ಲ ಎದ್ದು ಹೋಗಿರುತ್ತಾರೆ ಅನ್ನುವುದು ಗೊತ್ತಾಗಿದ್ದು ಅವತ್ತು.

ಮೊದಲು ಆ ಬಿಲ್ಲೆಯ ಮೋಸದ ಬಗ್ಗೆ ಹೇಳಬೇಕು. ಸೂರ್ಯನ ಕೆಳಗಿನ ಅಂಚು ದಿಗಂತಕ್ಕೆ ತಾಗಿದಾಗ "ಇನ್ನೇನು ಮುಳುಗ್ತಾನೆ" ಅನ್ನುತ್ತೇವೆ. ಆದರೆ ಅಷ್ಟು ಹೊತ್ತಿಗೆ ಅವನು ಹೆಚ್ಚುಕಮ್ಮಿ ಪೂರ್ತಿ ಮುಳುಗಿ ಆಗಿರುತ್ತದೆ. ಮನೆಯಲ್ಲೇ ಇದನ್ನು ಮಾಡಿ ನೋಡಬಹುದು. ಒಂದು ಬಟ್ಟಲಿನ ತಳದಲ್ಲಿ ನಾಣ್ಯ ಇಡಿ. ಬಟ್ಟಲಿನ ಅಂಚು ಅದನ್ನು ಮರೆಮಾಡುವಷ್ಟು ಹಿಂದೆ ಸರಿದು ನಿಲ್ಲಿ. ಈಗ ಯಾರಾದರೂ ಬಟ್ಟಲಿಗೆ ನೀರು ಸುರಿದರೆ ನಾಣ್ಯ ಮತ್ತೆ ಕಣ್ಣಿಗೆ ಬೀಳುತ್ತದೆ. ನಾಣ್ಯ ಇದ್ದಲ್ಲೇ ಇದೆ, ಬಾಗಿದ್ದು ಬೆಳಕು. ಗಾಳಿಯೂ ಹಾಗೇ ಮಾಡುತ್ತದೆ. ದಿಗಂತದ ಹತ್ತಿರ ಅದು ಬೆಳಕನ್ನು ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಬಾಗಿಸುತ್ತದೆ. ಆಕಾಶದಲ್ಲಿ ಸೂರ್ಯನ ಅಗಲವೂ ಸುಮಾರು ಅರ್ಧ ಡಿಗ್ರಿಯೇ. ಹಾಗಾಗಿ ಕೊನೆಯ ಎರಡು ನಿಮಿಷ ನಾವು ನೋಡುವುದು ಹೊರಟುಹೋದವನ ಬಿಂಬ. ಮೇಲಿನ ಅಂಚಿಗಿಂತ ಕೆಳಗಿನ ಅಂಚು ಜಾಸ್ತಿ ಬಾಗುವುದರಿಂದ ಬಿಲ್ಲೆ ದುಂಡಗಿರದೆ, ಒತ್ತಿದ ಉಂಡೆಯ ಹಾಗೆ ಚಪ್ಪಟೆಯಾಗಿ ಕಾಣುತ್ತದೆ.

ಎತ್ತರವೂ ಸ್ವಲ್ಪ ಸಹಾಯ ಮಾಡುತ್ತದೆ. ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ. ಮೇಲೆ ನಿಂತವರಿಗೆ ದಿಗಂತ ಕೆಳಗಿಳಿಯುತ್ತದೆ. ಲೆಕ್ಕ ಹಾಕಿದರೆ, ಘಾಟಿಯ ಬುಡದಲ್ಲಿ ನಿಂತವರಿಗಿಂತ ಸುಮಾರು ಮೂರು ನಿಮಿಷ ಜಾಸ್ತಿ ಸೂರ್ಯ ನಮಗೆ ಸಿಗುತ್ತಾನೆ, ನಡುವೆ ಮಬ್ಬು ಅಡ್ಡ ಬರದಿದ್ದರೆ.

ಕೆಂಪಿನ ಕಥೆ ಶಾಲೆಯಲ್ಲೇ ಕೇಳಿರುತ್ತೀರಿ, ಬೇಗ ಮುಗಿಸುತ್ತೇನೆ. ಗಾಳಿಯ ಕಣಗಳು ನೀಲಿ ಬೆಳಕನ್ನು ಕೆಂಪಿಗಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ ಚದುರಿಸುತ್ತವೆ. ಇದರ ಲೆಕ್ಕವನ್ನು 1871ರಲ್ಲಿ ಕೊಟ್ಟವರು ಲಾರ್ಡ್ ರ‍್ಯಾಲೀ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದಾಗ ಬೆಳಕು ದಾಟುವ ಗಾಳಿ ಕಡಿಮೆ. ದಿಗಂತಕ್ಕೆ ಇಳಿದಾಗ ಅದರ ಸುಮಾರು 38 ಪಟ್ಟು ಗಾಳಿಯನ್ನು ದಾಟಿ ಬರಬೇಕು. ದಾರಿಯುದ್ದಕ್ಕೂ ನೀಲಿ ಚೆಲ್ಲಿಹೋಗಿ ಕೊನೆಗೆ ಕೆಂಪು, ಕಿತ್ತಳೆ ಉಳಿಯುತ್ತವೆ. ನಮ್ಮ ಸಂಜೆಯ ಬೆಳಕು ಕಳೆದುಕೊಂಡ ನೀಲಿ ಎಲ್ಲಿಗೆ ಹೋಯಿತು? ಪಶ್ಚಿಮದಲ್ಲಿ ಇನ್ನೂ ಹಗಲಿರುವ ಯಾವುದೋ ಊರಿನ ಆಕಾಶಕ್ಕೆ. ಅಲ್ಲಿ ಯಾರೋ ತಲೆಯೆತ್ತಿ "ಇವತ್ತು ಆಕಾಶ ಎಷ್ಟು ನೀಲಿಯಾಗಿದೆ" ಅಂದುಕೊಳ್ಳುತ್ತಿರಬಹುದು. ನಮ್ಮ ಇಳಿಹೊತ್ತಿನ ನೀಲಿಯಲ್ಲೂ ಹಾಗೇ, ಪೂರ್ವದ ಯಾರದೋ ಸಂಜೆಯ ಪಾಲು ಒಂದಿಷ್ಟು ಇರುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಹೊಗೆ, ಧೂಳು ಜಾಸ್ತಿ ಇದ್ದರೆ ಸಂಜೆ ಚೆನ್ನಾಗಿ ಕಾಣುತ್ತದೆ ಅನ್ನುತ್ತಾರೆ. ಪೇಟೆಯ ಹೊಗೆಯ ಕಣಗಳು ಗಾತ್ರದಲ್ಲಿ ದೊಡ್ಡವು, ನೆಲಕ್ಕೆ ಹತ್ತಿರ ಇರುತ್ತವೆ. ಅವು ಬಣ್ಣವನ್ನು ಆರಿಸುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ಮಂಕು ಮಾಡುತ್ತವೆ. ಚೆನ್ನಾಗಿ ಮಳೆ ಸುರಿದು ಗಾಳಿ ತೊಳೆದ ಮಾರನೆಯ ಸಂಜೆ ನೋಡಿ, ವ್ಯತ್ಯಾಸ ತಿಳಿಯುತ್ತದೆ. ಜ್ವಾಲಾಮುಖಿಯ ವಿಷಯ ಬೇರೆ. ಅದು ಬಹಳ ಎತ್ತರಕ್ಕೆ ಅತಿ ಸಣ್ಣ ಕಣಗಳನ್ನು ತಳ್ಳುತ್ತದೆ. 1883ರ ಆಗಸ್ಟಿನಲ್ಲಿ ಇಂಡೋನೇಷ್ಯಾದ ಕ್ರಾಕಟೋವ ಸಿಡಿದಾಗ ತಿಂಗಳುಗಟ್ಟಲೆ ಪ್ರಪಂಚದ ಸಂಜೆಗಳು ಕೆಂಡವಾದವು. ಅಮೆರಿಕದಲ್ಲಿ ಬೆಂಕಿ ಬಿದ್ದಿದೆ ಎಂದು ಅಗ್ನಿಶಾಮಕ ದಳದವರು ಗಾಡಿ ಓಡಿಸಿದ್ದೂ ಉಂಟು. ಅದೇ ಸೆಪ್ಟೆಂಬರಿನಲ್ಲಿ ಮದರಾಸಿನ ಕಡೆ ಸೂರ್ಯ ಹಸಿರಾಗಿ ಕಂಡ ದಾಖಲೆ ಇದೆ.

ಸರಿ, ಬಿಲ್ಲೆ ಹೋಯಿತು, ಜನವೂ ಹೋದರು. ಆದರೆ ಕತ್ತಲಾಗಲಿಲ್ಲ. ಯಾಕೆ?

ಚಂದ್ರನ ಮೇಲೆ ನಿಂತಿದ್ದರೆ ಬಿಲ್ಲೆಯ ಕೊನೆಯ ಚೂರು ಮರೆಯಾದ ಮೇಲೆ ಮುಸ್ಸಂಜೆ ಅನ್ನುವುದೇ ಇರುತ್ತಿರಲಿಲ್ಲ. ಅಲ್ಲಿ ಗಾಳಿ ಇಲ್ಲ. ಹಗಲಲ್ಲೂ ಆಕಾಶ ಕಪ್ಪು. ನಮಗೆ ಮಾತ್ರ ಗಾಳಿ ಇದೆ. ಸೂರ್ಯ ನೆಲದ ಮರೆಗೆ ಹೋದರೂ ಮೇಲಿನ ಗಾಳಿಗೆ ಅವನ ಬೆಳಕು ಇನ್ನೂ ತಾಗುತ್ತಿರುತ್ತದೆ. ಆ ಗಾಳಿ ಒಂದಿಷ್ಟನ್ನು ಕೆಳಗೆ ನಮ್ಮ ಕಡೆ ಚೆಲ್ಲುತ್ತದೆ. ಮುಸ್ಸಂಜೆ ಅಂದರೆ ಇಷ್ಟೇ. ದಿನವಿಡೀ ಉಸಿರಾಡಿದರೂ ನೆನಪಿಗೆ ಬಾರದ ಗಾಳಿ, ಹೊತ್ತು ಮುಳುಗಿದ ಮೇಲೆ ಕಣ್ಣಿಗೆ ಕಾಣಿಸುವ ಸಮಯ.

ಇದನ್ನು ಖಗೋಳದವರು ಮೂರು ಮೆಟ್ಟಿಲು ಮಾಡಿದ್ದಾರೆ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವವರೆಗೆ ಮೊದಲನೆಯದು. ಅಂಗಳದಲ್ಲಿ ಇನ್ನೂ ಪೇಪರ್ ಓದಬಹುದು, ಮಕ್ಕಳು "ಇನ್ನೊಂದೇ ಓವರ್" ಅನ್ನುತ್ತಾ ಆಡುತ್ತಿರುತ್ತಾರೆ. 12 ಡಿಗ್ರಿಯವರೆಗೆ ಎರಡನೆಯದು. ಹಡಗಿನವರು ಹಿಂದೆ ಇದನ್ನೇ ಕಾಯುತ್ತಿದ್ದರು, ಯಾಕೆಂದರೆ ನಕ್ಷತ್ರವೂ ಸಮುದ್ರದ ಅಂಚೂ ಎರಡೂ ಒಟ್ಟಿಗೆ ಕಾಣುವ ಹೊತ್ತು ಅದೊಂದೇ. 18 ಡಿಗ್ರಿಯವರೆಗೆ ಮೂರನೆಯದು. ಅದನ್ನು ದಾಟಿದರೆ ಸೂರ್ಯನ ಬೆಳಕಿನ ಲೆಕ್ಕ ಚುಕ್ತಾ, ರಾತ್ರಿ ಶುರು. ನಮ್ಮ ಕಡೆ ಮೊದಲ ಮೆಟ್ಟಿಲು ಸುಮಾರು 21ರಿಂದ 24 ನಿಮಿಷ. ಮೂರೂ ಸೇರಿ ಒಂದು ಗಂಟೆ ಹತ್ತು ನಿಮಿಷದ ಮೇಲೆ ಸ್ವಲ್ಪ. ಸೂರ್ಯ ನಮ್ಮಲ್ಲಿ ಹೆಚ್ಚುಕಮ್ಮಿ ನೆಟ್ಟಗೆ ಕೆಳಗಿಳಿಯುತ್ತಾನೆ, ಅದಕ್ಕೇ ಕತ್ತಲು ಇಷ್ಟು ಬೇಗ. ಲಂಡನ್ನಿನಲ್ಲಿರುವ ಕನ್ನಡದವರನ್ನು ಕೇಳಿ. ಅಲ್ಲಿ ಅವನು ಓರೆಯಾಗಿ ಜಾರುತ್ತಾನೆ. ಜೂನಿನಲ್ಲಿ ಇಡೀ ರಾತ್ರಿ 18 ಡಿಗ್ರಿ ದಾಟುವುದೇ ಇಲ್ಲ, ಮೂರನೆಯ ಮೆಟ್ಟಿಲಿನಲ್ಲೇ ಬೆಳಗಾಗುತ್ತದೆ.

ಇಲ್ಲಿಂದ ಮುಂದಿನ ನೋಟಕ್ಕೆ ಆಗುಂಬೆ ಒಳ್ಳೆಯ ಜಾಗ ಅಲ್ಲ. ಪೂರ್ವದ ಕಡೆ ಬರೀ ಕಾಡು. ಇದರಲ್ಲಿ ಬಯಲುಸೀಮೆಯವರೇ ಪುಣ್ಯವಂತರು. ವಿಜಯಪುರದ ಹೊಲದ ಬದುವಿನಲ್ಲೋ, ಕೋಲಾರದ ಯಾವುದಾದರೂ ಬಂಡೆಯ ಮೇಲೋ, ಮನೆಯ ತಾರಸಿಯ ಮೇಲೋ ನಿಂತು, ಸೂರ್ಯ ಮುಳುಗಿದ ತಕ್ಷಣ ಅವನಿಗೆ ಬೆನ್ನು ಹಾಕಿ. ಪೂರ್ವದ ಅಂಚಿನಲ್ಲಿ ಒಂದು ಬೂದು ನೀಲಿ ಪಟ್ಟಿ ಮೇಲೇಳುವುದು ಕಾಣುತ್ತದೆ. ಮಳೆಮೋಡ ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೆ. ಅದು ಭೂಮಿಯ ನೆರಳು! ನಮ್ಮ ಬೆನ್ನ ಹಿಂದಿನ ಸೂರ್ಯ, ನಾವು ನಿಂತ ಇಡೀ ಭೂಮಿಯ ನೆರಳನ್ನು ಎದುರಿನ ಗಾಳಿಯ ಮೇಲೆ ಬೀಳಿಸುತ್ತಿದ್ದಾನೆ. ಅದರ ಮೇಲಂಚಿಗೆ ಕಳಿತ ಸೀಬೆಹಣ್ಣಿನ ತಿರುಳಿನಂಥ ಗುಲಾಬಿ ಬಣ್ಣದ ಪಟ್ಟಿ. ಅದಕ್ಕೆ ಶುಕ್ರನ ನಡುಪಟ್ಟಿ ಎಂದು ಹೆಸರಿದೆ, ಶುಕ್ರ ಗ್ರಹಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಕೆಂಪಾದ ಕೊನೆಯ ಬೆಳಕು ಅಲ್ಲಿನ ಗಾಳಿಗೆ ತಾಗಿ ವಾಪಸು ಬರುವುದರಿಂದ ಆ ಬಣ್ಣ. ಹದಿನೈದು ಇಪ್ಪತ್ತು ನಿಮಿಷದಲ್ಲಿ ನೆರಳು ಮೇಲೇರುತ್ತಾ ಏರುತ್ತಾ ಸುತ್ತಲಿನ ನೀಲಿಯಲ್ಲಿ ಕಲಸಿಹೋಗುತ್ತದೆ. ಕತ್ತಲು "ಬೀಳುವುದು" ಅನ್ನುತ್ತೇವಲ್ಲ, ನಿಜವಾಗಿ ಅದು ಪೂರ್ವದಿಂದ ಏಳುತ್ತದೆ.

ಆಮೇಲೆ ಬರುವ ನೀಲಿಯೇ ನನಗೆ ಅತಿ ಇಷ್ಟ. ಸೂರ್ಯ ಮುಳುಗಿ ಇಪ್ಪತ್ತು ಇಪ್ಪತ್ತೈದು ನಿಮಿಷದ ಮೇಲೆ ನೆತ್ತಿಯ ಆಕಾಶ ಹೊಸ ಇಳಕಲ್ ಸೀರೆಯ ಹಾಗೆ ಗಾಢ ನೀಲಿಯಾಗುತ್ತದೆ. ಇದು ಹಗಲಿನ ನೀಲಿಯೇ ಸ್ವಲ್ಪ ಕಪ್ಪಾದದ್ದು ಅಂತ ಎಲ್ಲರೂ ಅಂದುಕೊಂಡಿದ್ದರು. ಲೆಕ್ಕ ಮಾತ್ರ ಹೊಂದಲಿಲ್ಲ. ಬೆಳಕು ಅಷ್ಟು ದೂರ ಗಾಳಿಯಲ್ಲಿ ಸಾಗಿ ಬಂದಿದ್ದರೆ ನೀಲಿಯೆಲ್ಲ ಚೆಲ್ಲಿಹೋಗಿ ನೆತ್ತಿಯ ಆಕಾಶ ಹಳದಿ ಮಿಶ್ರಿತ ಬೂದಾಗಬೇಕಿತ್ತು. 1953ರಲ್ಲಿ ಎಡ್ವರ್ಡ್ ಹಲ್ಬರ್ಟ್ ಎಂಬ ಅಮೆರಿಕದ ವಿಜ್ಞಾನಿ ಉತ್ತರ ಕೊಟ್ಟರು: ಓಜೋನ್. ಮುಸ್ಸಂಜೆಯ ಬೆಳಕು ಓಜೋನ್ ಪದರವನ್ನು ಓರೆಯಾಗಿ, ಬಹಳ ಉದ್ದಕ್ಕೆ ಹಾದು ಬರುತ್ತದೆ. ಓಜೋನ್ ಕಿತ್ತಳೆ, ಹಳದಿಯ ಭಾಗವನ್ನು ನುಂಗುತ್ತದೆ. ಉಳಿಯುವುದು ನೀಲಿ. ಹಗಲಲ್ಲಿ ನಮ್ಮ ಚರ್ಮವನ್ನು ಸುಡುವ ಕಿರಣಗಳಿಂದ ಕಾಯುವ ಆ ತೆಳು ಅನಿಲವೇ ಸಂಜೆ ಆಕಾಶಕ್ಕೆ ನೀಲಿ ಬಳಿಯುತ್ತದೆ. ಬೀಚಿನಲ್ಲಿ ಹಚ್ಚುವ ಸನ್‌ಸ್ಕ್ರೀನಿಗೆ ದುಡ್ಡು ಕೊಡುತ್ತೇವೆ, ಇದಕ್ಕೆ ಬಿಲ್ಲೇ ಬರುವುದಿಲ್ಲ.

ಇಷ್ಟು ಹೊತ್ತಿಗೆ ನಮ್ಮ ಕಣ್ಣಿನ ಒಳಗೂ ಒಂದು ಬದಲಾವಣೆ ಆಗುತ್ತಿರುತ್ತದೆ. ಆ ಸಂಜೆ ಆಗುಂಬೆಯಿಂದ ಹೊರಟು ಚಿಕ್ಕಮ್ಮನ ಮನೆಯ ಅಂಗಳಕ್ಕೆ ಬಂದಾಗ ಬೇಲಿಯ ಕೆಂಪು ದಾಸವಾಳ ಕಪ್ಪಗೆ ಕಾಣುತ್ತಿತ್ತು. ಅದರ ಎಲೆಗಳು ಮಾತ್ರ ಇನ್ನೂ ತಿಳಿಯಾಗಿದ್ದವು. ಮಧ್ಯಾಹ್ನ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಹೊಡೆಯುವ ಹೂವು, ಸಂಜೆ ಎಲ್ಲಕ್ಕಿಂತ ಮೊದಲು ಕಾಣೆಯಾಗುತ್ತದೆ. ಸುಮಾರು 200 ವರ್ಷದ ಹಿಂದೆ ಇದನ್ನು ಗಮನಿಸಿ ಬರೆದವರು ಚೆಕ್ ನಾಡಿನ ಪುರ್ಕಿನ್ಯೆ. ಕಣ್ಣಿನ ಪರದೆಯಲ್ಲಿ ಎರಡು ಬಗೆಯ ಕೋಶಗಳಿವೆ. ಬಣ್ಣ ನೋಡುವ ಶಂಕುಗಳಿಗೆ ಜಾಸ್ತಿ ಬೆಳಕು ಬೇಕು. ಕಡಿಮೆ ಬೆಳಕಿಗೆ ಕಡ್ಡಿಗಳು. ಇವಕ್ಕೆ ಹಸಿರು ನೀಲಿ ಚೆನ್ನಾಗಿ ಗೊತ್ತು, ಕೆಂಪು ಕಾಣುವುದೇ ಇಲ್ಲ. ಮುಸ್ಸಂಜೆ ಅಂದರೆ ಈ ಎರಡು ಪಾಳಿಯವರು ಕೆಲಸ ಬದಲಾಯಿಸಿಕೊಳ್ಳುವ ಹೊತ್ತು. ಕಡ್ಡಿಗಳು ಪೂರ್ತಿ ತಯಾರಾಗಲು ಅರ್ಧ ಗಂಟೆಯಾದರೂ ಬೇಕು. ನಡುವೆ ಒಮ್ಮೆ ಫೋನ್ ತೆಗೆದು ಟೈಮ್ ನೋಡಿದಿರೋ, ಆ ಅರ್ಧ ಗಂಟೆ ನೀರುಪಾಲು.

ಈ ಬದಲಾವಣೆ ಗೊತ್ತಿರುವಂತೆ ಅರಳುವ ಹೂಗಳಿವೆ. ಸಂಜೆ ಮಲ್ಲಿಗೆ, ಪಾರಿಜಾತ, ರಾತ್ರಿರಾಣಿ. ಹೆಚ್ಚಿನವು ಬಿಳಿ ಅಥವಾ ತೆಳು ಬಣ್ಣ, ಜೊತೆಗೆ ಘಮ. ಅವು ಕಾಯುವುದು ಪತಂಗಗಳಿಗಾಗಿ. ಮಬ್ಬಿನಲ್ಲಿ ಕೆಂಪು ಕಟ್ಟಿಕೊಂಡು ಪ್ರಯೋಜನವಿಲ್ಲ. ದೂರದಿಂದ ವಾಸನೆ ಕರೆಯಬೇಕು, ಹತ್ತಿರ ಬಂದಾಗ ಬಿಳಿ ಹೊಳೆಯಬೇಕು. ಸಂಜೆ ಹೊತ್ತು ಜಡೆಗೆ ಮಲ್ಲಿಗೆ ಮುಡಿಯುವವರಿಗೆ ಈ ಗುಟ್ಟು ವಿಜ್ಞಾನಕ್ಕಿಂತ ಮೊದಲೇ ಗೊತ್ತಿತ್ತು, ಅಲ್ವಾ?

ಅವತ್ತು ಬಿದಿಗೆಯೋ ತದಿಗೆಯೋ. ಅಡಿಕೆ ಮರಗಳ ಮೇಲೆ ತೆಳ್ಳನೆಯ ಚಂದ್ರ, ನಮ್ಮ ಕಡೆ ಕಾಣುವ ಹಾಗೆ ದೋಣಿಯಂತೆ ಮಲಗಿದ್ದ. ಆ ದೋಣಿಯ ಒಳಗೆ ಉಳಿದ ಚಂದ್ರನೂ ಬೂದಿ ಬಣ್ಣದಲ್ಲಿ ಮಸುಕಾಗಿ ಕಾಣುತ್ತಿದ್ದ. "ಇದೇನು, ಬೆಳಕು ಬೀಳದ ಕಡೆಯೂ ಕಾಣ್ತದಲ್ಲ?" ಅಂತ ಚಿಕ್ಕಮ್ಮ ಕೇಳಿದಳು. ಒಳ್ಳೆಯ ಪ್ರಶ್ನೆ. ಸುಮಾರು 500 ವರ್ಷದ ಹಿಂದೆ ಲಿಯನಾರ್ಡೊ ಡ ವಿಂಚಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಇದಕ್ಕೆ ಉತ್ತರ ಬರೆದಿಟ್ಟಿದ್ದ. ಅದು ನಮ್ಮ ಬೆಳಕು. ಭೂಮಿಗೆ ಬಿದ್ದ ಬಿಸಿಲು ಚಂದ್ರನಿಗೆ ಹೋಗಿ, ಅಲ್ಲಿಂದ ಮತ್ತೆ ನಮ್ಮ ಕಣ್ಣಿಗೆ ಬರುತ್ತದೆ. ಎಲ್ಲಿ ಬಿದ್ದ ಬಿಸಿಲು? ನಮಗೆ ಸಂಜೆಯಾಗಿ ಚಂದ್ರ ಪಶ್ಚಿಮದಲ್ಲಿ ಇದ್ದಾಗ, ಅವನ ಎದುರಿಗಿರುವ ಭೂಮಿ ಅಂದರೆ ಆಫ್ರಿಕಾ, ಅಟ್ಲಾಂಟಿಕ್ ಸಾಗರ. ಅಲ್ಲಿನ ಮಧ್ಯಾಹ್ನದ ಬಿಳಿ ಮೋಡಗಳಿಗೆ ತಾಗಿದ ಬೆಳಕು ಒಂದೂಕಾಲು ಸೆಕೆಂಡಿನಲ್ಲಿ ಚಂದ್ರನನ್ನು ಮುಟ್ಟಿ, ಇನ್ನೊಂದು ಒಂದೂಕಾಲು ಸೆಕೆಂಡಿನಲ್ಲಿ ತೀರ್ಥಹಳ್ಳಿ ಕಡೆಯ ಒಂದು ಅಂಗಳಕ್ಕೆ ಇಳಿಯುತ್ತಿತ್ತು. ಯಾರದೋ ಹಗಲು ನಮ್ಮ ರಾತ್ರಿಗೆ. ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆ ಸುಮ್ಮನಾಗುವಿಕೆಗೆ ಕನ್ನಡದಲ್ಲಿ ಒಳ್ಳೆಯ ಪದ ಇದೆ, ಬೆರಗು. ಇದನ್ನೂ ಅಳೆಯಲು ಹೊರಟವರಿದ್ದಾರೆ. 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ವಯಸ್ಸಾದವರ ಎರಡು ಗುಂಪು. ಎಲ್ಲರೂ ಎಂಟು ವಾರ, ವಾರಕ್ಕೊಮ್ಮೆ 15 ನಿಮಿಷ ನಡೆಯಬೇಕು. ಒಂದು ಗುಂಪಿಗೆ ಮಾತ್ರ "ಮಗುವಿನ ಕಣ್ಣಿನಿಂದ ನೋಡುತ್ತಾ, ಬೆರಗು ಹುಡುಕುತ್ತಾ ನಡೆಯಿರಿ" ಎಂಬಂಥ ಸೂಚನೆ. ಎಲ್ಲರೂ ದಾರಿಯಲ್ಲಿ ಸೆಲ್ಫಿ ತೆಗೆದು ಕಳಿಸಬೇಕಿತ್ತು. ವಾರಗಳು ಕಳೆದಂತೆ ಬೆರಗಿನ ಗುಂಪಿನವರ ಸೆಲ್ಫಿಯಲ್ಲಿ ಅವರ ಮುಖ ಸಣ್ಣದಾಗುತ್ತಾ ಹೋಯಿತು, ಹಿಂದಿನ ಮರ, ಆಕಾಶ ದೊಡ್ಡದಾಗುತ್ತಾ ಹೋದವು. ನಗು ಅಗಲವಾಯಿತು. ಕೃತಜ್ಞತೆಯಂಥ ಭಾವನೆಗಳೂ ಜಾಸ್ತಿಯಾದವು. ಭಾಗವಹಿಸಿದವರು ಐವತ್ತು ಚಿಲ್ಲರೆ ಜನ ಮಾತ್ರ, ಹಾಗಾಗಿ ಇದನ್ನು ಔಷಧಿ ಚೀಟಿ ಅಂದುಕೊಳ್ಳಬೇಡಿ. ಆದರೂ ಆ ಸೆಲ್ಫಿಯ ವಿಷಯ ನನಗೆ ಮರೆಯಲು ಆಗುವುದಿಲ್ಲ. ಆಗುಂಬೆಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ಫೋನ್ ಎತ್ತಿದವರ ಫೋಟೋಗಳಲ್ಲಿ ಸೂರ್ಯ ಎಷ್ಟು ದೊಡ್ಡದಿರುತ್ತಾನೆ ಅಂತ ಒಮ್ಮೆ ನೋಡಿ.

ಮಳೆಗಾಲಕ್ಕೆ ಮುಂಚೆ, ಮೇ ಜೂನಿನಲ್ಲಿ ಬಂದಿದ್ದರೆ ಇನ್ನೂ ಒಂದು ಬೆಳಕು ಸಿಗುತ್ತಿತ್ತು. ಮಲೆನಾಡಿನ ತೋಟದಂಚಿನಲ್ಲಿ ಮಿಂಚುಹುಳಗಳು. ಇವು ಗಟ್ಟಿ ರೆಕ್ಕೆಯ ಕೀಟ, ಸಗಣಿ ಹುಳದ ದೂರದ ನೆಂಟರು. ಹೊಟ್ಟೆಯ ತುದಿಯಲ್ಲಿ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದ ಜೊತೆ ಸೇರಿದಾಗ ಬೆಳಕು ಬರುತ್ತದೆ, ಶಾಖ ಇಲ್ಲವೆಂಬಷ್ಟು ಕಡಿಮೆ. ಹಳೆಯ ತಂತಿ ಬಲ್ಬು ತಿನ್ನುತ್ತಿದ್ದ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಬರೀ ಶಾಖಕ್ಕೇ ಹೋಗುತ್ತಿತ್ತು. ಗಂಡು ಹಾರುತ್ತಾ ಮಿನುಗುತ್ತದೆ, ಗಿಡದ ಮೇಲೆ ಕೂತ ಹೆಣ್ಣು ಮಿನುಗಿ ಉತ್ತರ ಕೊಡುತ್ತದೆ. ತೋಟದ ಪಕ್ಕ ಒಂದು ದೊಡ್ಡ ಎಲ್ಇಡಿ ದೀಪ ಬಂತು ಅಂದರೆ ಈ ಮಾತುಕತೆ ಕೆಡುತ್ತದೆ. ಎದುರಿನವರ ಸನ್ನೆ ಕಾಣಬೇಕಲ್ಲ.

ನಮ್ಮ ಮಾತುಕತೆಯೂ ಕೆಟ್ಟಿದೆ. ಬೆಂಗಳೂರಿನಲ್ಲಿ ಮೂರನೆಯ ಮೆಟ್ಟಿಲು ಅನ್ನುವುದೇ ಇಲ್ಲ, ಎರಡನೆಯದು ಮುಗಿಯುವ ಮೊದಲೇ ಆಕಾಶ ಬೀದಿದೀಪದ ಬಣ್ಣಕ್ಕೆ ತಿರುಗಿರುತ್ತದೆ. ಇದರಲ್ಲಿ ಒಂದು ವಿಚಿತ್ರ ಇದೆ. 2022ರಲ್ಲಿ ಲಡಾಖಿನ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲೆಯ ಆಕಾಶ ಕಾಯುವ ಮೀಸಲು ಜಾಗ ಎಂದು ಘೋಷಿಸಿದರು. ಅಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಎರಡು ಮೀಟರ್ ಅಗಲದ ಕನ್ನಡಿಯ ದೂರದರ್ಶಕ ಇದೆ. ಅದನ್ನು ತಿರುಗಿಸಿ ನೋಡುವವರು ಕೂರುವುದು ಎಲ್ಲಿ ಗೊತ್ತೇ? ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ತಲೆಯ ಮೇಲಿನ ಆಕಾಶದಲ್ಲಿ ನಕ್ಷತ್ರ ಕಾಣದ ಊರಿನಲ್ಲಿ ಕೂತು, ಉಪಗ್ರಹದ ಮೂಲಕ ಹಿಮಾಲಯದ ಕತ್ತಲೆಯನ್ನು ನೋಡುತ್ತಾರೆ.

ಆ ರಾತ್ರಿ ಅಂಗಳದಲ್ಲಿ ಏಳೂವರೆ ದಾಟಿತ್ತು. ಚಂದ್ರ ಅಡಿಕೆಯ ಗರಿಗಳವರೆಗೆ ಇಳಿದಿದ್ದ. ಒಳಗೆ ಹೋಗುವಾಗ ಎಡವಬಾರದು ಅಂತ ನಾನು ಜಗಲಿಯ ಸ್ವಿಚ್ ಹಾಕಿದೆ. ಚಿಕ್ಕಮ್ಮ ಅಭ್ಯಾಸದಂತೆ ಬಲ್ಬಿಗೆ ಕೈ ಮುಗಿದಳು. ನಮ್ಮ ಮನೆಗಳಲ್ಲಿ ಸಂಜೆ ಮೊದಲ ದೀಪ ಹತ್ತಿದಾಗ ಎಲ್ಲರೂ ಮಾಡುವುದೇ, ಅದು ಎಣ್ಣೆಯ ದೀಪವೋ ಒಂಬತ್ತು ವ್ಯಾಟಿನದೋ ಅಂತ ಯಾರೂ ಕೇಳುವುದಿಲ್ಲ. ಕೈ ಕೆಳಗಿಳಿಸಿ ಕಣ್ಣು ಕಿರಿದು ಮಾಡಿದಳು.

"ಸಾಕು, ಇನ್ನು ಆರ್ಸು ಮಾರಾಯ. ಅವ ಇನ್ನೂ ಮುಳುಗಲಿಲ್ಲ."